ಪರಿಹಾರದ ಪಟ್ಟಿ ಇರಲಿ, ಮನೆಯ ಗುಟ್ಟು ಬೇಡ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕಾಗಿ ನಮ್ಮ ಜಿಲ್ಲೆಯಲ್ಲಿ ಕಾಗದಪತ್ರಗಳ ಓಡಾಟ ನಡೆದಿದೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದ ಮೇಲಂತೂ, ಯಾರ ಹೆಸರಿಗೆ ಎಷ್ಟು ಜಮೀನು, ಯಾವ ಖಾತೆಗೆ ಎಷ್ಟು ಹಣ ಎಂಬ ಮಾಹಿತಿಯ ಮೇಲೆ ಮೋಸಗಾರರ ಕಣ್ಣು ಬಿದ್ದಿದೆ. ಆ ಮಾಹಿತಿ ಕಚೇರಿಗಳಿಂದ ಹೊರಬಿದ್ದು ಮೊಬೈಲುಗಳಲ್ಲಿ ಹರಿದಾಡುವುದನ್ನು ತಾವು ತಡೆಯಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಇತ್ತೀಚೆಗೆ ನಮ್ಮೂರಿನ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಪಟ್ಟಿಯ ಫೋಟೊ ಬಂತು. ಯಾರೋ ಮೇಜಿನ ಮೇಲಿಟ್ಟು ಅವಸರದಲ್ಲಿ ತೆಗೆದದ್ದು; ಕೆಳಗೆ ಕಚೇರಿಯ ಮೊಹರು ಅರ್ಧ ಕಾಣುತ್ತಿತ್ತು. ಹೆಸರು, ತಂದೆ ಅಥವಾ ಗಂಡನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ, ಬ್ಯಾಂಕಿನ ಖಾತೆ ಸಂಖ್ಯೆ, ಮೊಬೈಲ್ ನಂಬರು, ಕೊನೆಯ ಕಾಲಮ್ಮಿನಲ್ಲಿ ಆಧಾರಿನ ಹನ್ನೆರಡೂ ಅಂಕಿಗಳು. ಸಂಜೆಯೊಳಗೆ ಅದು ಸುತ್ತಲಿನ ಹಳ್ಳಿಗಳಿಗೂ ಹೋಯಿತು. ಕೆಲವೇ ದಿನಗಳಲ್ಲಿ ನಮ್ಮ ಓಣಿಯ ವಿಧವೆಯೊಬ್ಬರಿಗೆ ಫೋನು ಬಂತು: "ಅಮ್ಮಾರ, ನಿಮ್ಮ ಪರಿಹಾರದ ಫೈಲು ನನ್ನ ಮುಂದ ಐತ್ರಿ, ಈಗ ಮೊಬೈಲಿಗೆ ಬಂದ ನಂಬರ್ ಹೇಳ್ರಿ." ಕರೆ ಮಾಡಿದವನು ಅವರ ಗಂಡನ ಹೆಸರನ್ನೂ ಸರ್ವೆ ನಂಬರನ್ನೂ ತಪ್ಪಿಲ್ಲದೆ ಹೇಳಿದ. ಪಕ್ಕದಲ್ಲಿದ್ದ ಮೊಮ್ಮಗ ಫೋನು ಕಸಿದುಕೊಂಡದ್ದರಿಂದ ಹಣ ಉಳಿಯಿತು. ಆದರೆ ಆ ತಾಯಿ ನಂಬಿದ್ದರಲ್ಲಿ ತಪ್ಪೇನಿದೆ? ಅಷ್ಟು ವಿವರ ಸರಕಾರಿ ಮಂದಿಗಲ್ಲದೆ ಬೇರೆಯವರಿಗೆ ಗೊತ್ತಿರುತ್ತದೆಂದು ಯಾರು ತಾನೇ ಎಣಿಸುತ್ತಾರೆ?

ಹಣಕ್ಕಿಂತಲೂ ನನ್ನನ್ನು ಹೆಚ್ಚು ಕಾಡುತ್ತಿರುವುದು ವಂಶಾವಳಿ. ಪರಿಹಾರಕ್ಕೆ ವಾರಸುದಾರರು ಯಾರೆಂದು ತೋರಿಸಲು ಪಂಚರ ಮುಂದೆ, ಗ್ರಾಮ ಆಡಳಿತಾಧಿಕಾರಿಯ ಮುಂದೆ ಮನೆಯ ಹಿರಿಯರು ಎಲ್ಲವನ್ನೂ ಬಿಚ್ಚಿ ಹೇಳಬೇಕಾಗುತ್ತದೆ: ಎರಡನೇ ಹೆಂಡತಿಯ ಮಕ್ಕಳು, ದತ್ತು ಹೋದವರು, ಗಂಡನನ್ನು ಬಿಟ್ಟು ತವರಿಗೆ ಬಂದ ಮಗಳು, ಇನ್ನೂ ಶಾಲೆಗೆ ಹೋಗುವ ಮೊಮ್ಮಕ್ಕಳ ವಯಸ್ಸು. ಕಚೇರಿಗೆಂದು ನಂಬಿ ಹೇಳಿದ ಈ ಸಂಗತಿಗಳು ಏಜೆಂಟರ ಮೊಬೈಲಿನಲ್ಲೂ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೂ ಉಳಿದುಬಿಡುತ್ತವೆ. ಪ್ರಿಂಟ್ ತೆಗೆದ ಮೇಲೆ ಫೈಲನ್ನು ಅಳಿಸುವವರನ್ನು ನಾನಂತೂ ಕಂಡಿಲ್ಲ. ಆಸ್ತಿಯಲ್ಲಿ ಪಾಲು ಕೇಳುವ ಹೆಣ್ಣುಮಕ್ಕಳ ಮೇಲೆ ಒತ್ತಡ ಹಾಕಲು ಇಂಥ ಒಂದು ಹಾಳೆ ಸಾಕು.

ಪಟ್ಟಿಯನ್ನೇ ಮುಚ್ಚಿಡಿ ಎಂದು ನಾನು ಕೇಳುತ್ತಿಲ್ಲ. ಭೂಸ್ವಾಧೀನದ ಅಧಿಸೂಚನೆ ಜನರ ಕಣ್ಣಿಗೆ ಬೀಳಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ, ಸುಳ್ಳು ಫಲಾನುಭವಿಗಳನ್ನು ಹಿಡಿಯಲು ಊರಿನವರಿಗೆ ಬೇರೆ ದಾರಿಯೂ ಇಲ್ಲ. ಆದರೆ ಅದಕ್ಕೆ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಮೊತ್ತ ಇಷ್ಟಿದ್ದರೆ ಸಾಕು. ಖಾತೆ ಸಂಖ್ಯೆಯಿಂದ ಯಾವ ಅಕ್ರಮವೂ ಬಯಲಾಗುವುದಿಲ್ಲ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯ 29ನೇ ಕಲಮು ನಿರ್ಬಂಧಿಸಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು; ಆ ಮೊಕದ್ದಮೆ ಹೂಡಿದವರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯುತ್ತೇನೆ.

ಆದ್ದರಿಂದ ಮುಂದಿನ ಪಟ್ಟಿ ಹೊರಬೀಳುವ ಮೊದಲೇ ತಾವು ಒಂದು ಲಿಖಿತ ಆದೇಶ ಹೊರಡಿಸಬೇಕು. ಗೋಡೆಗೆ ಅಂಟಿಸುವ ಪ್ರತಿಯಲ್ಲಿ ಖಾತೆ, ಮೊಬೈಲ್, ಆಧಾರ್ ವಿವರ ಇರಬಾರದು. ವಂಶಾವಳಿಯನ್ನು ಸಿಬ್ಬಂದಿ ತಮ್ಮ ಸ್ವಂತ ಮೊಬೈಲಿನಲ್ಲಿ ಪಡೆಯಬಾರದು, ಕಳಿಸಲೂ ಬಾರದು. ಪಟ್ಟಿ ಸೋರಿದರೆ ಉತ್ತರ ಕೊಡಬೇಕಾದ ಅಧಿಕಾರಿ ಯಾರೆಂಬುದು ಆದೇಶದಲ್ಲೇ ಇರಬೇಕು. ಈಗಾಗಲೇ ವಿವರ ಸೋರಿಹೋದ ಕುಟುಂಬಗಳಿಗೆ ಕಚೇರಿಯಿಂದಲೇ ತಿಳಿಸಿ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಹಳ್ಳಿಹಳ್ಳಿಯಲ್ಲಿ ಡಂಗುರ ಹೊಡೆಸಬೇಕು. ಆದೇಶದ ಒಂದು ಪ್ರತಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಬೀಳಗಿ ತಾಲೂಕಿನ ಒಬ್ಬ ಮುಳುಗಡೆ ಸಂತ್ರಸ್ತ