ಮೊದಲು ಅವಳ ಕೈಯಲ್ಲಿರುವ ದುಡ್ಡು ಎಣಿಸು

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಅಧ್ಯಾಯಗಳನ್ನು ಓದಿದೆ. 1890ರ ದಶಕದ ಮಂಗಳೂರು, ಗಂಡನ ಮನೆ ಬಿಟ್ಟು ಹೊರಡುವ ಹೆಣ್ಣುಮಗಳು. ಅವಳ ಮಾತಿನಲ್ಲಿ ಕಿಚ್ಚಿದೆ. ಆದರೆ ಹೊಸಿಲು ದಾಟುವಾಗ ಅವಳ ಸೆರಗಿನ ಗಂಟಿನಲ್ಲಿ ಎಷ್ಟು ದುಡ್ಡಿತ್ತು, ಅಂದು ರಾತ್ರಿ ಎಲ್ಲಿ ಮಲಗಿದಳು, ಅನ್ನ ಹಾಕಿದವರು ಯಾರು ಎಂಬುದು ಎಲ್ಲೂ ಬರಲಿಲ್ಲ. ಹಾಗಾಗಿ ಅವಳು ನಿಜಕ್ಕೂ ಹೊರಟಳು ಅಂತ ನನಗೆ ಅನ್ನಿಸಲಿಲ್ಲ. ಆ ಶತಮಾನದ ಲೇಖಕಿಯರು ಈ ಲೆಕ್ಕ ತಪ್ಪಿದವರಲ್ಲ. ಅವರನ್ನು ಓದುವಾಗ ಕಥೆಯನ್ನು ಪಕ್ಕಕ್ಕಿಟ್ಟು ಈ ಲೆಕ್ಕವನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋಗು.

ಷಾರ್ಲಟ್ ಬ್ರಾಂಟಿಯ 'ಜೇನ್ ಐರ್' (1847) ಕಾದಂಬರಿಯಿಂದ ಶುರುಮಾಡು. ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ನಾಯಕಿ ಜೇನ್‌ಳ ಸಂಬಳ ವರ್ಷಕ್ಕೆ 30 ಪೌಂಡ್. ಅದಕ್ಕೂ ಮೊದಲು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಸಿಗುತ್ತಿದ್ದುದು ಅದರ ಅರ್ಧ. ತಾನು ಪ್ರೀತಿಸಿದ, ಆ ಮನೆಯ ಯಜಮಾನ ರಾಚೆಸ್ಟರನನ್ನು ಬಿಟ್ಟು ಹೊರಟಾಗ ಅವಳ ಹತ್ತಿರ ಉಳಿದದ್ದು 20 ಶಿಲಿಂಗ್, ಅಂದರೆ ಒಂದು ಪೌಂಡ್. ಗಾಡಿಯವನು ಕೇಳಿದ್ದು 30. ಇದ್ದದ್ದನ್ನೆಲ್ಲ ಕೊಟ್ಟು, ಅಷ್ಟು ದುಡ್ಡಿಗೆ ಎಷ್ಟು ದೂರವೋ ಅಷ್ಟು ದೂರ ಹೋಗಿ, ಒಂದು ಕೂಡುರಸ್ತೆಯಲ್ಲಿ ಇಳಿಯುತ್ತಾಳೆ. ಬಟ್ಟೆಯ ಗಂಟು ಗಾಡಿಯಲ್ಲೇ ಉಳಿದುಹೋಗುತ್ತದೆ. ಆಮೇಲೆ ಬಯಲಲ್ಲಿ ಮಲಗುವುದು, ಕೊರಳಿನ ರೇಷ್ಮೆ ಕರವಸ್ತ್ರ ಕೊಟ್ಟು ಬ್ರೆಡ್ಡು ಕೇಳುವುದು, ಹಂದಿಗೆ ಸುರಿಯಲು ತಂದ ತಣ್ಣನೆಯ ಗಂಜಿಯನ್ನು ಬೇಡಿ ತಿನ್ನುವುದು. ಅವಳ ಸ್ವಾಭಿಮಾನ ಎಷ್ಟು ದೊಡ್ಡದು ಎಂಬುದನ್ನು ಯಾವ ಭಾಷಣವೂ ಇಲ್ಲದೆ ಆ ಗಂಜಿಯೇ ಹೇಳಿಬಿಡುತ್ತದೆ. ಕೊನೆಗೆ 20,000 ಪೌಂಡಿನ ಆಸ್ತಿ ಬಂದಾಗ ಅದನ್ನು ನಾಲ್ಕು ಪಾಲು ಮಾಡಿ ತಾನು 5,000 ಇಟ್ಟುಕೊಳ್ಳುತ್ತಾಳೆ. ರಾಚೆಸ್ಟರನ ಬಳಿಗೆ ಅವಳು ಮರಳುವುದು ಇದಾದ ಮೇಲೆಯೇ. ಈ ಕ್ರಮ ಅದಲುಬದಲಾಗಿದ್ದರೆ ಕಾದಂಬರಿಯ ಅರ್ಥವೇ ಬೇರೆಯಾಗುತ್ತಿತ್ತು.

ಅದೇ ಪುಸ್ತಕದ 12ನೇ ಅಧ್ಯಾಯದಲ್ಲಿ, ಗಂಡಸರಿಗೆ ಆಗುವಂತೆಯೇ ಹೆಂಗಸರಿಗೂ ಮನಸ್ಸು ಮಿಡಿಯುತ್ತದೆ ಎಂದು ಜೇನ್ ನೇರವಾಗಿ ಹೇಳುವ ಜಾಗವಿದೆ. ಆ ಯೋಚನೆ ಒಂದು ಪುಟವನ್ನೂ ತುಂಬುವುದಿಲ್ಲ, ಅಷ್ಟರಲ್ಲಿ ಮೂರನೇ ಮಹಡಿಯಿಂದ ಒಂದು ವಿಚಿತ್ರ ನಗು ಕೇಳಿಸುತ್ತದೆ. ನಿನ್ನ ನಾಯಕಿಯ ಭಾಷಣಗಳು ಎರಡು ಮೂರು ಪುಟ ಓಡುತ್ತವೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಒಳಗಿನಿಂದ ಮಗು ಅಳಲಿ, ಅತ್ತೆ ಕೂಗಲಿ, ಒಲೆಯ ಮೇಲಿನ ಹಾಲು ಉಕ್ಕಲಿ. ಅರ್ಧಕ್ಕೆ ನಿಂತ ಮಾತನ್ನು ಓದುಗರು ತಾವೇ ಮುಂದುವರಿಸಿಕೊಳ್ಳುತ್ತಾರೆ.

ದುಡ್ಡಿನ ಹಿಂದೆಯೇ ಕಾನೂನು ಬರುತ್ತದೆ. ಆನ್ ಬ್ರಾಂಟಿ 1848ರಲ್ಲಿ ಬರೆದ 'ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್' ನಡೆಯುವುದು 1820ರ ದಶಕದಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದವಳ ಸಂಪಾದನೆ ಗಂಡನದು, ಮಕ್ಕಳ ಮೇಲಿನ ಹಕ್ಕೂ ಅವನದೇ. ಹಾಗಾಗಿ ನಾಯಕಿ ಹೆಲೆನ್ ಚಿತ್ರ ಮಾರಿ ಬದುಕುವ ಉಪಾಯ ಹೂಡಿದರೆ, ಗಂಡ ಅವಳ ದಿನಚರಿ ಓದಿ, ಬೀಗದ ಕೈಗಳನ್ನು ಕಸಿದುಕೊಂಡು, ಬಣ್ಣ ಕುಂಚಗಳನ್ನು ಬೆಂಕಿಗೆ ಹಾಕುತ್ತಾನೆ. ಮಗನನ್ನು ಕರೆದುಕೊಂಡು ತಪ್ಪಿಸಿಕೊಂಡ ಮೇಲೂ ಅವಳು ಚಿತ್ರಗಳಿಗೆ ಸುಳ್ಳು ಹೆಸರಿನ ಅಕ್ಷರ ಹಾಕುತ್ತಾಳೆ, ತಾನಿರುವ ಮನೆಯ ಚಿತ್ರದ ಕೆಳಗೆ ಬೇರೆ ಊರಿನ ಹೆಸರು ಬರೆಯುತ್ತಾಳೆ. ಆ ಸುಳ್ಳು ಹೆಸರಿನಲ್ಲಿ ಆ ಕಾಲದ ಇಡೀ ಕಾನೂನಿನ ಭಾರವಿದೆ. ಇಂಗ್ಲೆಂಡಿನಲ್ಲಿ ಆಸ್ತಿಯ ಕಾನೂನು ಬದಲಾದದ್ದು 1870ರಲ್ಲಿ ಸ್ವಲ್ಪ, 1882ರಲ್ಲಿ ಬಹುಪಾಲು.

ಈಗ ನಿನ್ನ ಕಥೆಯ ವಿಷಯ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಆದ್ದರಿಂದ ಮೈಸೂರು ಸಂಸ್ಥಾನದ ಕಾಯಿದೆಗಳನ್ನು ಅಲ್ಲಿಗೆ ಹಚ್ಚಬೇಡ. 1874ರಲ್ಲಿ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಬಂತು ಅಂತ ನಿನ್ನ ವಕೀಲನ ಬಾಯಲ್ಲಿ ಹೇಳಿಸಿದ್ದೀಯ. ಆ ಕಾಯಿದೆ ಆಗ ಹಿಂದೂ ಹೆಂಗಸರಿಗೆ ಅನ್ವಯಿಸುತ್ತಿರಲಿಲ್ಲ. ನಿನ್ನ ನಾಯಕಿಗೆ ಇರುವುದು ಸ್ತ್ರೀಧನ ಮಾತ್ರ, ಅಂದರೆ ಬಹುಮಟ್ಟಿಗೆ ಮೈಮೇಲಿನ ಒಡವೆ. ಹಾಗಿದ್ದರೆ ಯಾವ ಒಡವೆ, ಎಷ್ಟು ತೂಕ, ಗಿರವಿ ಇಟ್ಟರೆ ಎಷ್ಟು ತಿಂಗಳು ಸಾಗೀತು ಎಂಬುದು ನಿನಗೆ ಗೊತ್ತಿರಲೇಬೇಕು. ಎಲ್ಲವನ್ನೂ ಪುಟಕ್ಕೆ ತರಬೇಕಿಲ್ಲ.

ಗಂಡ ಕೋರ್ಟಿಗೆ ಹೋಗುವ ದಾರಿಯೂ ತೆರೆದೇ ಇತ್ತು. ಬಾಲ್ಯದಲ್ಲಿ ಮದುವೆಯಾಗಿದ್ದ ರಖಮಾಬಾಯಿ ಗಂಡನ ಮನೆಗೆ ಹೋಗಲು ಒಪ್ಪದಿದ್ದಾಗ, 1887ರಲ್ಲಿ ಬಾಂಬೆ ಹೈಕೋರ್ಟು ಹೋಗು ಇಲ್ಲವೇ ಆರು ತಿಂಗಳು ಜೈಲು ಅನುಭವಿಸು ಎಂದಿತು. ಅವರು ಜೈಲಿಗೆ ಸಿದ್ಧರಾದರು. ಮರುವರ್ಷ ಗಂಡನಿಗೆ 2,000 ರೂಪಾಯಿ ಕೊಟ್ಟು ವ್ಯಾಜ್ಯ ಮುಗಿಯಿತು, ಅವರು ಲಂಡನ್ನಿನಲ್ಲಿ ವೈದ್ಯಕೀಯ ಓದಿದರು. ಪತ್ರಿಕೆಗಳಲ್ಲೆಲ್ಲ ಚರ್ಚೆಯಾದ ಮೊಕದ್ದಮೆ ಅದು. ನಿನ್ನ ಮಂಗಳೂರಿನ ಓದುಬಲ್ಲ ಮನೆಯಲ್ಲಿ ಅದರ ಸುದ್ದಿ ಏಳದೆ ಇರುವುದು ನನಗೆ ಕೊರತೆಯಾಗಿ ಕಂಡಿತು.

ಒಳಗಿನ ಎಚ್ಚರವನ್ನು ಹೇಗೆ ಬರೆಯುವುದು ಅಂತ ಕೇಳಿದ್ದೀಯ. ಕೇಟ್ ಶೋಪಾನ್ 1899ರಲ್ಲಿ ಪ್ರಕಟಿಸಿದ 'ದಿ ಅವೇಕನಿಂಗ್' ಕಾದಂಬರಿಯ 10 ಮತ್ತು 11ನೇ ಅಧ್ಯಾಯಗಳನ್ನು ಕೈಯಲ್ಲಿ ಬರೆದು ಅಭ್ಯಾಸ ಮಾಡು. ಬೇಸಗೆಯಿಡೀ ಯಾರು ಕಲಿಸಿದರೂ ನಾಯಕಿ ಎಡ್ನಾಗೆ ಈಜು ಬಂದಿರಲಿಲ್ಲ. ಒಂದು ರಾತ್ರಿ ತಟ್ಟನೆ ಬಂದುಬಿಡುತ್ತದೆ. ಆ ಹುರುಪಿನಲ್ಲಿ ಒಬ್ಬಳೇ ದೂರ ಹೋಗುತ್ತಾಳೆ, ದಡ ನೋಡಿ ಸಾವಿನ ಭಯ ಹುಟ್ಟುತ್ತದೆ, ಹೇಗೋ ಮರಳುತ್ತಾಳೆ. ಗಂಡ ಹೇಳುವುದು, ನೀನೇನೂ ಅಷ್ಟು ದೂರ ಹೋಗಿರಲಿಲ್ಲ, ನಾನು ನೋಡುತ್ತಲೇ ಇದ್ದೆ ಅಂತ. ಅವಳಿಗೆ ಅಗಾಧವಾದದ್ದು ಅವನಿಗೆ ನಾಲ್ಕು ಮಾರು.

ಅದೇ ರಾತ್ರಿ ಅವಳು ಹೊರಗೆ ಹ್ಯಾಮಕ್ಕಿನಲ್ಲಿ ಮಲಗಿರುತ್ತಾಳೆ. ಗಂಟೆ ಒಂದು ದಾಟಿದೆ, ಗಂಡ ಒಳಗೆ ಬಾ ಅನ್ನುತ್ತಾನೆ, ಅವಳು ಬರುವುದಿಲ್ಲ. ಇಷ್ಟು ದಿನ ಯೋಚಿಸದೆಯೇ ಎದ್ದು ಹೋಗುತ್ತಿದ್ದೆನಲ್ಲ ಎಂಬುದು ಅವಳಿಗೆ ಹೊಳೆಯುವುದು ಆಗ. ಅವನು ಜಗಳವಾಡುವುದಿಲ್ಲ. ವೈನು ತಂದು, ಸಿಗಾರು ಹಚ್ಚಿ, ಪಕ್ಕದಲ್ಲೇ ಕೂರುತ್ತಾನೆ. ಬೆಳಗಿನ ಜಾವದ ಹೊತ್ತಿಗೆ ದಣಿದು ಒಳಗೆ ಹೋಗುವವಳು ಅವಳೇ. ನೀವು ಬರೋದಿಲ್ವಾ ಅಂದರೆ, ಸಿಗಾರು ಮುಗಿಸಿ ಬರ್ತೀನಿ ಅನ್ನುತ್ತಾನೆ. ಒಂದೂ ಪೆಟ್ಟಿಲ್ಲದೆ ಅವಳ ಹೊಸ ಇಚ್ಛೆಯನ್ನು ಅವನು ಕಾದು ಕಾದೇ ಸವೆಸಿಬಿಟ್ಟ. ನಿನ್ನ ಗಂಡಿನ ಪಾತ್ರ ಎಲ್ಲ ಅಧ್ಯಾಯದಲ್ಲೂ ಕೂಗಾಡುತ್ತದೆ, ಕೂಗಾಡುವವನನ್ನು ಎದುರಿಸುವುದು ಸುಲಭ. ಪ್ರೀತಿಯಿಂದ ಪಕ್ಕದಲ್ಲಿ ಕೂತವನನ್ನು ಎದುರಿಸಲು ಅವಳಿಗೆ ಹೇಳು.

ಸೋಲನ್ನೂ ಬರೆ. 17ನೇ ಅಧ್ಯಾಯದಲ್ಲಿ ಎಡ್ನಾ ಮದುವೆಯ ಉಂಗುರ ಕಿತ್ತೆಸೆದು ತುಳಿಯುತ್ತಾಳೆ, ಅದಕ್ಕೆ ಒಂದು ಗೀರೂ ಬೀಳುವುದಿಲ್ಲ. ಕೆಲಸದವಳು ಹೆಕ್ಕಿ ಕೊಡುತ್ತಾಳೆ, ಇವಳು ಹಾಕಿಕೊಳ್ಳುತ್ತಾಳೆ.

ಆ ಮನೆಯ ಕೆಲಸದವರ ಮೇಲೆಯೂ ಕಣ್ಣಿಡು. ಎಡ್ನಾಳ ಮಕ್ಕಳನ್ನು ನೋಡಿಕೊಳ್ಳುವ ಮಿಶ್ರವರ್ಣದ ದಾದಿಗೆ ಇಡೀ ಕಾದಂಬರಿಯಲ್ಲಿ ಹೆಸರೇ ಇಲ್ಲ. ಎಡ್ನಾಗೆ ಚಿತ್ರ ಬರೆಯಲು ಹೊತ್ತು ಸಿಗುವುದು ಅವಳ ದುಡಿಮೆಯಿಂದ, ರೂಪದರ್ಶಿಯಾಗಿ ಗಂಟೆಗಟ್ಟಲೆ ಕೂರುವವಳೂ ಅವಳೇ. ಆ ಕಾಲದ ಅನೇಕ ಒಳ್ಳೆಯ ಪುಸ್ತಕಗಳಲ್ಲಿರುವ ಕುರುಡು ಇದು, ನನಗೆ ಕ್ಷಮಿಸಲು ಕಷ್ಟವಾಗುವ ಕುರುಡು. ನಿನ್ನ ಮನೆಯಲ್ಲಿ ನೀರು ಹೊರುವವಳಿಗೆ, ಬಾಣಂತನಕ್ಕೆ ಬರುವವಳಿಗೆ ಹೆಸರಿಡು. ನಾಯಕಿ ಹೊರಟ ಮೇಲೆ ಅವರ ಕೆಲಸ ಹೆಚ್ಚಿತೋ ತಪ್ಪಿತೋ ಬರೆ.

ಅದೇ 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾಯಿತು. ಇಂದಿರೆ ಬಾಲವಿಧವೆ, ತಾಯಿತಂದೆಯ ಮನೆ ಬಿಟ್ಟು ಸುಧಾರಕರೊಬ್ಬರ ಆಶ್ರಯಕ್ಕೆ ಬಂದು, ಓದಿ, ಮರುಮದುವೆಯಾಗುತ್ತಾಳೆ. ನಿನ್ನ ಊರಿನ ಆಗಿನ ಮಾತಿನ ಧಾಟಿಗೆ ಇದಕ್ಕಿಂತ ಹತ್ತಿರದ ಪುಸ್ತಕ ನನಗೆ ತಿಳಿಯದು. ಆದರೆ ಬರೆದವರು ಗಂಡಸು, ಒಬ್ಬ ಸುಧಾರಕನ ಕಣ್ಣಿನಿಂದ ಬರೆದರು. ದಾರಿ ತೋರಿಸುವವರು ಹೆಚ್ಚು ಹೊತ್ತು ಮಾತಾಡುತ್ತಾರೆ, ಇಂದಿರೆ ಒಬ್ಬಳೇ ಇರುವ ಪುಟಗಳನ್ನು ಹುಡುಕಬೇಕಾಗುತ್ತದೆ. ನಿನಗಿರುವ ಜಾಗ ಅಲ್ಲಿದೆ.

ನಿನ್ನ ಎರಡನೇ ನಾಯಕಿಯೂ ವಿಧವೆಯಲ್ಲವೇ? 1856ರ ವಿಧವಾ ವಿವಾಹ ಕಾಯಿದೆ ಮರುಮದುವೆಗೆ ಒಪ್ಪಿಗೆ ಕೊಟ್ಟಿತು, ಜೊತೆಗೆ ತೀರಿಕೊಂಡ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕನ್ನು ಕಿತ್ತುಕೊಂಡಿತು. ಹೂಂ ಅನ್ನುವ ಮೊದಲು ಅವಳು ಆ ಜಮೀನಿನ ಗೇಣಿ ಲೆಕ್ಕ ಹಾಕಿಯೇ ಹಾಕುತ್ತಾಳೆ. ಆ ಅಧ್ಯಾಯವನ್ನು ಮೊದಲು ತಿದ್ದು, ಹೊರಟುಹೋಗುವ ಅಧ್ಯಾಯ ಆಮೇಲಾಗಲಿ. ಎರಡೂ ಮುಗಿದಾಗ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ