ಹೊರದೇಶದಲ್ಲಿ ಮಡಿದ ಯೋಧ: ‘ಹೇಗೆ ಸತ್ತ’ ಎಂಬುದಕ್ಕೂ ಉತ್ತರ ಕೊಡಿ

ಮಾನ್ಯರೇ,

ಹೊರದೇಶದಲ್ಲಿ ಕರ್ತವ್ಯದ ಮೇಲಿದ್ದ ಯೋಧ ತೀರಿಕೊಂಡರೆ ನಮ್ಮ ಮಲೆನಾಡಿನ ಊರುಗಳು ಗೌರವಕ್ಕೆ ಕಡಿಮೆ ಮಾಡುವುದಿಲ್ಲ. ಶಾಲೆ ಮಕ್ಕಳು ರಸ್ತೆಯ ಎರಡೂ ಬದಿ ನಿಲ್ಲುತ್ತಾರೆ, ಕುಶಾಲತೋಪು ಹಾರುತ್ತದೆ, ಫ್ಲೆಕ್ಸ್ ಏಳುತ್ತದೆ. ತಿಂಗಳು ಕಳೆದ ಮೇಲೆ ಮನೆಯವರು ‘ನಮ್ಮ ಹುಡುಗ ಸತ್ತದ್ದು ಹೇಗೆ?’ ಎಂದು ಕೇಳಿದರೆ ಮಾತ್ರ, ಸಿಗುವುದು ಪಿಂಚಣಿ ಎಷ್ಟು ಬರುತ್ತದೆ ಎಂಬ ಉತ್ತರ.

ಕಡತದಲ್ಲಿ ಇವೆರಡೂ ಒಂದೇ ಪ್ರಶ್ನೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶ ಸೈನಿಕರ ಸಾವನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡಿದೆ. ಸೇವೆಗೆ ಸಂಬಂಧವಿಲ್ಲದ ಸಹಜ ಸಾವಾದರೆ ಸಾಮಾನ್ಯ ಕುಟುಂಬ ಪಿಂಚಣಿ. ಆರಂಭದ ವರ್ಷಗಳ ಹೆಚ್ಚಿನ ದರ ಮುಗಿದ ಮೇಲೆ ಅದು ಕೊನೆಯ ಸಂಬಳದ ಶೇ 30ಕ್ಕೆ ಇಳಿಯುತ್ತದೆ. ಸೇವೆಯಿಂದಾದ ಕಾಯಿಲೆ ಅಥವಾ ಕರ್ತವ್ಯದ ವೇಳೆಯ ಅಪಘಾತವಾದರೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಉಗ್ರರ ಹಿಂಸೆ (ಡಿ ವರ್ಗ) ಅಥವಾ ಯುದ್ಧದ (ಇ ವರ್ಗ) ಸಾವಾದರೆ ಉದಾರೀಕೃತ ಕುಟುಂಬ ಪಿಂಚಣಿ, ಶೇ 100. ವಿದೇಶದ ಶಾಂತಿಪಾಲನಾ ಪಡೆಯಲ್ಲಿ ಕಾರ್ಯಾಚರಣೆಯ ವೇಳೆ ಸತ್ತವರು ಇದೇ ಇ ವರ್ಗಕ್ಕೆ ಸೇರುತ್ತಾರೆ. ಆದರೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿದ್ದ ಮಾತ್ರಕ್ಕೆ ಇ ವರ್ಗ ಸಿಗುವುದಿಲ್ಲ. ಕಾಂಗೋದಲ್ಲಿ ಮಲೇರಿಯಾ ಬಂದು ಸತ್ತವನು, ದಕ್ಷಿಣ ಸುಡಾನಿನಲ್ಲಿ ಲಾರಿ ಮಗುಚಿ ಸತ್ತವನು, ಹೊಂಚು ದಾಳಿಯಲ್ಲಿ ಸತ್ತವನು ಮೂರು ಬೇರೆ ವರ್ಗಗಳಿಗೆ ಹೋಗುತ್ತಾರೆ. ಯಾವ ವರ್ಗ ಎಂಬುದು ನಿಂತಿರುವುದು ಸಾವಿನ ಕಾರಣದ ಮೇಲೆ. ‘ಪಿಂಚಣಿ ಬಂತಲ್ಲ, ಇನ್ನೇನು ಕೆದಕುವುದು’ ಎನ್ನುವ ನೆಂಟರಿಗೆ ಇಷ್ಟು ಹೇಳಿದರೆ ಸಾಕು.

ಮೊದಲು ಕೈತಪ್ಪುವುದು ಪಾರ್ಥಿವ ಶರೀರ ಊರಿಗೆ ಬಂದ ದಿನವೇ. ಬೆಂಗಳೂರಿಗೆ ಬಂದಿಳಿದ ಪೆಟ್ಟಿಗೆ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ದಾರಿ ಸವೆಸಬೇಕು, ಹೊಸನಗರ, ತೀರ್ಥಹಳ್ಳಿಯ ಕಡೆಗಾದರೆ ಇನ್ನೂ ದೂರ. ತಲುಪುವಷ್ಟರಲ್ಲಿ ಜನ ಸೇರಿರುತ್ತಾರೆ, ಗಣ್ಯರ ಸಮಯ ನಿಗದಿಯಾಗಿರುತ್ತದೆ, ಕತ್ತಲಾಗುವ ಮೊದಲು ಮುಗಿಸಬೇಕೆಂಬ ಅವಸರ. ಸಾವಿನ ಬಗ್ಗೆ ಅನುಮಾನವಿದ್ದರೆ ಚಿತೆಗೆ ಮೊದಲೇ ಹತ್ತಿರದ ಠಾಣೆಗೆ ಲಿಖಿತ ಅರ್ಜಿ ಕೊಟ್ಟು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಶವ ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆ ಕೇಳಬೇಕು. ಠಾಣೆಯಲ್ಲಿ ಮೀನಮೇಷ ಎಣಿಸಿದರೆ ಅದೇ ಅರ್ಜಿಯನ್ನು ಉಪವಿಭಾಗಾಧಿಕಾರಿಗೆ ಕೊಡಬಹುದು. ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ದಹನವಾದ ಮೇಲೆ ಯಾವ ನ್ಯಾಯಾಲಯವೂ ದೇಹವನ್ನು ಮರಳಿ ತರಲಾರದು. ಮಣ್ಣು ಮಾಡುವ ಸಮುದಾಯಗಳಿಗಾದರೂ ಇನ್ನೊಂದು ಅವಕಾಶ ಉಳಿಯುತ್ತದೆ.

ವಿಮಾನದಲ್ಲಿ ಬರುವ ದೇಹಕ್ಕೆ ಫಾರ್ಮಲಿನ್ ತುಂಬಿ ಎಂಬಾಮಿಂಗ್ ಮಾಡಿರುತ್ತಾರೆ. ಇದಾದ ಮೇಲೆ ವಿಷ, ಮದ್ಯದಂಥವುಗಳ ಪರೀಕ್ಷೆಯ ಫಲಿತಾಂಶ ನಂಬಲರ್ಹವಾಗಿ ಉಳಿಯುವುದು ಕಷ್ಟ. ಹಾಗಾಗಿ ಎಂಬಾಮಿಂಗ್‌ಗೆ ಮೊದಲು ರಕ್ತದ ಮಾದರಿ ತೆಗೆದಿದ್ದರೇ, ತೆಗೆದಿದ್ದರೆ ಈಗ ಎಲ್ಲಿದೆ ಎಂದು ಬರೆದು ಕೇಳಬೇಕು. ಗುಂಡಿನ ಗಾಯ, ಮೂಳೆ ಮುರಿತ, ಕುತ್ತಿಗೆಯ ಗುರುತು ಎಂಬಾಮ್ ಆದ ದೇಹದಲ್ಲೂ ಸಿಗುತ್ತವೆ. ಎಕ್ಸ್‌ರೇ ತೆಗೆಸಲು ಹಠ ಹಿಡಿಯಬೇಕು. ಅಲ್ಲೇ ಮರಣೋತ್ತರ ಪರೀಕ್ಷೆ ಆಗಿದ್ದರೆ ವರದಿಯ ಜತೆ ಫೋಟೊಗಳನ್ನೂ ಕೇಳಿ. ಕಾಂಗೋದ ಸ್ಥಳೀಯ ಕಾಗದ ಫ್ರೆಂಚ್‌ನಲ್ಲಿ, ಲೆಬನಾನಿನದು ಅರಬಿಯಲ್ಲಿ ಇರುತ್ತದೆ. ದೃಢೀಕೃತ ಅನುವಾದವನ್ನು ಕೊಡುವವರಿಂದಲೇ ಕೇಳುವುದು ಒಳ್ಳೆಯದು.

ಮರಣ ಪ್ರಮಾಣಪತ್ರಕ್ಕಾಗಿ ಗ್ರಾಮ ಪಂಚಾಯಿತಿಗೆ ಅಲೆದು ಪ್ರಯೋಜನವಿಲ್ಲ. ಪಂಚಾಯಿತಿಯ ನೋಂದಣಿ ನಡೆಯುವುದು ಸಾವು ಘಟಿಸಿದ ಜಾಗದ ಆಧಾರದಲ್ಲಿ. ಹೊರದೇಶದಲ್ಲಿ ಸತ್ತ ಭಾರತೀಯರ ನೋಂದಣಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಆಗುತ್ತದೆ.

ಇನ್ನು ಮೂಲ ಕಾಗದಕ್ಕೆ ಬರೋಣ, ಅದು ಕೋರ್ಟ್ ಆಫ್ ಇನ್‌ಕ್ವೈರಿ. ಹೆಸರಿನಲ್ಲಿ ಕೋರ್ಟ್ ಇದ್ದರೂ ಇದು ವಿಚಾರಣೆ ನಡೆಸಿ ಶಿಕ್ಷೆ ಕೊಡುವ ನ್ಯಾಯಾಲಯವಲ್ಲ. 1954ರ ಸೇನಾ ನಿಯಮಗಳ 177ನೇ ನಿಯಮದಡಿ ಸಾಕ್ಷ್ಯ ಸಂಗ್ರಹಿಸಿ ವರದಿ ಕೊಡುವ ಅಧಿಕಾರಿಗಳ ತಂಡ. ಕುಟುಂಬಕ್ಕೆ ಅಲ್ಲಿ ಕುರ್ಚಿ ಇಲ್ಲ. 180ನೇ ನಿಯಮದ ಪ್ರಕಾರ, ವಿಚಾರಣೆಯಿಂದ ಯಾರ ನಡತೆ ಅಥವಾ ಸೈನಿಕ ಹೆಸರಿಗೆ ಧಕ್ಕೆ ಬರಬಹುದೋ ಅವರು ಹಾಜರಿದ್ದು, ಸಾಕ್ಷಿಗಳನ್ನು ಪ್ರಶ್ನಿಸಿ, ತಮ್ಮ ಮಾತು ಹೇಳಬಹುದು. ಇದು ನ್ಯಾಯವಾದ ನಿಯಮವೇ. ಆದರೆ ‘ಸ್ವಂತ ನಿರ್ಲಕ್ಷ್ಯ’ ಅಥವಾ ‘ಆತ್ಮಹತ್ಯೆ’ ಎಂದು ಬರೆದರೆ ಧಕ್ಕೆಯಾಗುವುದು ಸತ್ತವನ ಹೆಸರಿಗೆ, ಅವನ ಪರವಾಗಿ ಪ್ರಶ್ನೆ ಕೇಳುವವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ನಮ್ಮ ಪ್ರಕಾರ ಇಡೀ ವ್ಯವಸ್ಥೆಯ ದೊಡ್ಡ ಬಿರುಕು ಇದೇ. ನಿಯಮ ಬದಲಾಗುವವರೆಗೆ ಮನೆಯವರು ಮಾಡಬಹುದಾದದ್ದು ಒಂದು: ಸುದ್ದಿ ಬಂದ ಮೊದಲ ವಾರದಲ್ಲೇ ತಮ್ಮ ಪ್ರಶ್ನೆಗಳನ್ನು ಬರೆದು ಕಮಾಂಡಿಂಗ್ ಆಫೀಸರ್‌ಗೆ ಕಳಿಸಿ, ಇವನ್ನು ಕೋರ್ಟ್ ಆಫ್ ಇನ್‌ಕ್ವೈರಿಯ ಮುಂದೆ ಇಡಿ ಎಂದು ಕೋರುವುದು. ಕೊನೆಯ ಫೋನ್ ಕರೆಯ ದಿನ, ಸಮಯ, ಹೇಳಿದ ಮಾತು, ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲ ಅದರಲ್ಲಿರಲಿ.

ಮೊದಲ ವಾರ ಎಂದು ಒತ್ತಿ ಹೇಳಲು ಕಾರಣವಿದೆ. ವಿಶ್ವಸಂಸ್ಥೆಗೆ ಹೋಗುವ ತುಕಡಿಗಳು ಸಾಮಾನ್ಯವಾಗಿ ವರ್ಷಕ್ಕೆ ಬದಲಾಗುತ್ತವೆ. ಒಂದು ಬೆಟಾಲಿಯನ್ ಜತೆ ಬೇರೆ ಬೇರೆ ರೆಜಿಮೆಂಟಿನ ಸಿಗ್ನಲ್, ಇಂಜಿನಿಯರ್, ವೈದ್ಯಕೀಯದವರು ಸೇರಿರುತ್ತಾರೆ. ಹಿಂದಿರುಗಿದ ಮೇಲೆ ಸಾಕ್ಷಿಗಳು ದೇಶದ ಮೂಲೆ ಮೂಲೆಗೆ ಚದುರುತ್ತಾರೆ. ಕಾಗದಗಳ ಕಥೆಯೂ ಅಷ್ಟೇ. ಯೋಧನ ಸೇವಾ ದಾಖಲೆ ಅವನ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವನಾದರೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು. ವಿಚಾರಣೆಯ ಕಡತ ತುಕಡಿಯ ಮೂಲಕ ದೆಹಲಿಯ ಸೇನಾ ಮುಖ್ಯಾಲಯದ ಕಡೆ ಹೋಗಿರುತ್ತದೆ. ರೆಕಾರ್ಡ್ಸ್ ಕಚೇರಿ ‘ನಮ್ಮಲ್ಲಿಲ್ಲ’ ಎಂದರೆ ಬಹುತೇಕ ಸಲ ಅದು ಸತ್ಯವೇ, ಅಲ್ಲಿಗೇ ಕೈಚೆಲ್ಲಬಾರದು.

ಇದೇ ಸಾವಿನ ಮೇಲೆ ವಿಶ್ವಸಂಸ್ಥೆ ತನ್ನದೇ ಬೋರ್ಡ್ ಆಫ್ ಇನ್‌ಕ್ವೈರಿ ನಡೆಸಬಹುದು. ಅದರ ವರದಿ ಸಂಸ್ಥೆಯ ಆಂತರಿಕ ದಾಖಲೆ, ಕುಟುಂಬ ನೇರವಾಗಿ ಕೇಳಿದರೆ ಬರುವುದಿಲ್ಲ. ನ್ಯೂಯಾರ್ಕಿನಲ್ಲಿರುವ ಭಾರತದ ಕಾಯಂ ನಿಯೋಗದ ಮೂಲಕ ಕೇಳಬೇಕು. ಸಾವಿಗೆ ವಿಶ್ವಸಂಸ್ಥೆ ಕೊಡುವ ಪರಿಹಾರವೂ ಸರ್ಕಾರದ ಕೈಗೆ ಬಂದು ಅಲ್ಲಿಂದ ಮನೆಗೆ ಬರುತ್ತದೆ. ಉದ್ದೇಶಪೂರ್ವಕ ದುರ್ನಡತೆ, ತೀವ್ರ ನಿರ್ಲಕ್ಷ್ಯ ಎಂದು ಬರೆದುಬಿಟ್ಟರೆ ಅದೂ ಇಲ್ಲ. ಮತ್ತೆ ಕಾರಣದ ಪ್ರಶ್ನೆಗೇ ಬಂದು ನಿಂತೆವು.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹೆಚ್ಚಿನವರು ‘ಏಕೆ’ ಎಂದು ಕೇಳಿಯೇ ಎಡವುತ್ತಾರೆ. ‘ನನ್ನ ಮಗ ಏಕೆ ಸತ್ತ’ ಎಂಬುದು ದಾಖಲೆಯಲ್ಲ, ಉತ್ತರ ಬಾರದು. ದಾಖಲೆಗಳ ಹೆಸರು ಹಿಡಿದು ಕೇಳಬೇಕು: ಕೋರ್ಟ್ ಆಫ್ ಇನ್‌ಕ್ವೈರಿ ನೇಮಿಸಿದ ಆದೇಶ, ಅದರ ಫೈಂಡಿಂಗ್ಸ್ ಮತ್ತು ಒಪೀನಿಯನ್, ಮೇಲಧಿಕಾರಿಯ ಡೈರೆಕ್ಷನ್, ಸಾವಿನ ಮೊದಲ ಸಿಗ್ನಲ್ (ತುಕಡಿ ಕಳಿಸಿದ ಸಂದೇಶ), ಗಾಯದ ವರದಿ, ಆಸ್ಪತ್ರೆಯ ಕೇಸ್ ಶೀಟ್, ಮರಣೋತ್ತರ ವರದಿ, ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಯ ಬದಲಾವಣೆ ನಮೂದಿಸುವ ಆದೇಶ). ಅರ್ಜಿ 500 ಪದ ಮೀರದಿರಲಿ, ಶುಲ್ಕ 10 ರೂಪಾಯಿ. ಕೇಂದ್ರದ ಪೋರ್ಟಲ್‌ನಲ್ಲಿ ಹಾಕಬೇಕು, ರಾಜ್ಯದ್ದರಲ್ಲಲ್ಲ. ಮಳೆಗಾಲದಲ್ಲಿ ಒಟಿಪಿ ಬಾರದ ಊರಿನವರು ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡುವುದೇ ವಾಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ತನಿಖೆಗೆ ಅಡ್ಡಿ ಎಂದು 8(1)(ಎಚ್) ಕಲಂ ತೋರಿಸಿ ನಿರಾಕರಿಸಿದರೆ ಅಂಜಬೇಡಿ. ತನಿಖೆ ಇದೆ ಎಂದ ಮಾತ್ರಕ್ಕೆ ಸಾಲದು, ಅಡ್ಡಿ ಹೇಗೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಾಕ್ಷಿಗಳ ಹೆಸರು, ನೆಲೆಗಳ ವಿವರ ಗುಟ್ಟಾಗಿರಬೇಕಾದರೆ 10ನೇ ಕಲಂ ಪ್ರಕಾರ ಅಷ್ಟನ್ನೇ ಮರೆಮಾಡಿ ಉಳಿದದ್ದು ಕೊಡಿ ಎಂದು ಅರ್ಜಿಯಲ್ಲೇ ಬರೆಯಬೇಕು. ಬಿಎಸ್‌ಎಫ್‌ನವರ (ಗಡಿ ಭದ್ರತಾ ಪಡೆ) ಮನೆಗೆ ದಾರಿ ಇನ್ನಷ್ಟು ಕಡಿದು. 2022ರ ಜುಲೈನಲ್ಲಿ ಕಾಂಗೋದ ಬುಟೆಂಬೊದಲ್ಲಿ ಸತ್ತ ಇಬ್ಬರು ಭಾರತೀಯ ಶಾಂತಿಪಾಲಕರು ಬಿಎಸ್‌ಎಫ್‌ನವರು. ಆ ಪಡೆ ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವುದರಿಂದ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿ ಮಾತ್ರ ಸಿಗುತ್ತದೆ. ಸೇನೆಯವರ ಸೇವೆ, ಪಿಂಚಣಿಯ ವ್ಯಾಜ್ಯ ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಅವರಿಗಿಲ್ಲ, ಹೈಕೋರ್ಟೇ ಗತಿ.

ಯೋಧನ ಸಾಮಾನು ಬಂದಾಗ ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್ (ಸತ್ತವನ ಸಾಮಾನು, ಲೆಕ್ಕ ನೋಡುವ ಸೇನಾ ಸಮಿತಿ) ಮಾಡಿದ ಪಟ್ಟಿಯ ಪ್ರತಿ ಕೇಳಿ, ಒಂದೊಂದೇ ವಸ್ತು ತಾಳೆ ನೋಡಿ ಸಹಿ ಹಾಕಿ. ಫೋನನ್ನು ಮಕ್ಕಳ ಕೈಗೆ ಕೊಡಬೇಡಿ, ರೀಸೆಟ್ ಮಾಡಿಸಬೇಡಿ. ಸಿಮ್ ರದ್ದು ಮಾಡಿಸುವುದೂ ಸದ್ಯಕ್ಕೆ ಬೇಡ.

ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅತಿ ಹೆಚ್ಚು ಯೋಧರನ್ನು ಕಳೆದುಕೊಂಡ ದೇಶ ಭಾರತ. ಆದರೂ ವಿಚಾರಣೆ ಮುಗಿದ ಮೇಲೆ ಅದರ ಸಾರಾಂಶವನ್ನು ಕುಟುಂಬಕ್ಕೆ ತಾನಾಗಿಯೇ, ಅವರ ಭಾಷೆಯಲ್ಲಿ ತಲುಪಿಸುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಸೇನಾ ಮುಖ್ಯಾಲಯ ಇದನ್ನು ಕಡ್ಡಾಯ ಮಾಡಬೇಕು. ಸತ್ತವನ ಮೇಲೆ ತಪ್ಪು ಹೊರಿಸುವ ಮುನ್ನ ಅವನ ಕುಟುಂಬದ ಪರ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಅಷ್ಟರವರೆಗೆ ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ, ಮೇಲೆ ಹೇಳಿದ ಅರ್ಜಿಗಳ ಕನ್ನಡ ಮತ್ತು ಇಂಗ್ಲಿಷ್ ಮಾದರಿಗಳನ್ನು ಸಿದ್ಧವಿಟ್ಟು, ಸುದ್ದಿ ಬಂದ ದಿನವೇ ಮನೆಗೆ ತಲುಪಿಸಲಿ. ಅದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.

— ಕೆಲವು ನಿವೃತ್ತ ಸೈನಿಕರು ಮತ್ತು ವಕೀಲರು, ಶಿವಮೊಗ್ಗ