ನೇಪಲ್ಸ್ ಬೇಕರಿಯ 'ಸಸ್ಯಾಹಾರಿ' ತಿಂಡಿಯಲ್ಲಿ ಹಂದಿ ಕೊಬ್ಬು: ಟೂರ್ ಕಂಪನಿಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಇಟಲಿ ಪ್ರವಾಸದ ಐದನೇ ದಿನದ ಬೇಕರಿ ಭೇಟಿಯ ಬಗ್ಗೆ

ಮಾನ್ಯರೇ,

ಕಳೆದ ಅಕ್ಟೋಬರ್‌ನಲ್ಲಿ ನಿಮ್ಮ ಇಟಲಿ ಪ್ರವಾಸಕ್ಕೆ ನಾನು, ನಮ್ಮ ಯಜಮಾನರು ಮತ್ತು 71 ವರ್ಷದ ನಮ್ಮ ಅತ್ತೆ ಬಂದಿದ್ದೆವು. 'ಸಸ್ಯಾಹಾರಿಗಳು, ಕೇಕಿನಲ್ಲಿ ಮೊಟ್ಟೆ ಇದ್ದರೆ ನಡೆದೀತು, ಮಾಂಸದ್ದು ಏನೂ ಬೇಡ' ಎಂದು ಬುಕಿಂಗ್ ಫಾರಂನಲ್ಲೇ ಬರೆದುಕೊಟ್ಟಿದ್ದೆ. (ಮೊಟ್ಟೆಯ ಆ ರಿಯಾಯಿತಿಗೆ ಅತ್ತೆಯವರನ್ನು ಒಪ್ಪಿಸಲು ಎರಡು ವಾರ ಹಿಡಿದಿತ್ತು.) 'ನೇಪಲ್ಸ್‌ನ ಹೆಸರಾಂತ ಬೇಕರಿಯಲ್ಲಿ ಸಸ್ಯಾಹಾರಿ ತಿಂಡಿಗಳು' ಎಂದು ಅಚ್ಚು ಹಾಕಿಸಿ, ಅದಕ್ಕೆಂದೇ ನೀವು ತಲಾ 1,800 ರೂಪಾಯಿ ಬೇರೆ ತೆಗೆದುಕೊಂಡಿರಿ.

ಬೇಕರಿಯ ಬಗ್ಗೆ ನನ್ನ ತಕರಾರಿಲ್ಲ. ಬಾಗಿಲಾಚೆಗೂ ಸಾಲು, ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಂದರೆ ಕೌಂಟರಿನಲ್ಲಿ ತಿಂಡಿ. ಒಲೆಯಿಂದ ಆಗಷ್ಟೇ ಇಳಿಸಿದ ಸ್ಫೊಲ್ಯಾತೆಲ್ಲಾ ಕೊಟ್ಟರು: ಹೊರಗೆ ಗರಿಗರಿ ಪದರ, ಒಳಗೆ ಬೇಯಿಸಿದ ರವೆ, ರಿಕೊಟ್ಟಾ ಎಂಬ ಮೆತ್ತನೆಯ ಚೀಸ್, ಸಕ್ಕರೆಪಾಕದ ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ. "ನಮ್ಮ ಚಿರೋಟಿಯ ತಮ್ಮ ಕಣೇ ಇದು" ಎಂದು ಅತ್ತೆ ಎರಡು ತಿಂದರು. ಕೊಳ್ಳುವ ಮೊದಲು ನಾನು ಗೈಡನ್ನು ಕೇಳಿದ್ದೆ. "ಸಿಹಿ ತಿಂಡೀಲಿ ಮಾಂಸ ಎಲ್ಲಿಂದ ಬರುತ್ತೆ ಮೇಡಂ?" ಎಂದು ನಕ್ಕರು.

ಆ ರಾತ್ರಿ ಹೋಟೆಲಿನಲ್ಲಿ, ಅದೇ ಬೇಕರಿಯಿಂದ ತಂದಿದ್ದ ತರಾಲ್ಲಿ ಎಂಬ ಕೋಡುಬಳೆಯಂಥ ತಿಂಡಿಯ ಪೊಟ್ಟಣದ ಮೇಲೆ 'ಸ್ಟ್ರುತ್ತೊ' ಎಂಬ ಪದ ಕಂಡಿತು. ಮೊಬೈಲಿನಲ್ಲಿ ನೋಡಿದರೆ ಹಂದಿ ಕೊಬ್ಬು! ಬೆಳಿಗ್ಗೆ ಒಬ್ಬಳೇ ಹೋಗಿ ಸ್ಫೊಲ್ಯಾತೆಲ್ಲಾ ಕಡೆ ಬೆರಳು ತೋರಿಸಿ "ಸ್ಟ್ರುತ್ತೊ?" ಎಂದೆ. ಕೌಂಟರಿನ ಹೆಂಗಸು "ಸಿ, ಸಿ" (ಹೌದು, ಹೌದು) ಎಂದು ತಲೆಯಾಡಿಸಿದಳು. ಚಿರೋಟಿಯ ಪದರಕ್ಕೆ ನಾವು ತುಪ್ಪ ಸವರುವಂತೆ ಅಲ್ಲಿ ಇದನ್ನು ಸವರುತ್ತಾರೆ. ಅದು ಅವರ ಊರಿನ ಹಳೆಯ ಪದ್ಧತಿ, ಅವರು ಮುಚ್ಚಿಟ್ಟೂ ಇಲ್ಲ. ಒಂದೇ ಒಂದು ಪದ ಕೇಳಿದ್ದಕ್ಕೆ ನನಗೆ ಸಿಕ್ಕ ಉತ್ತರ, ದುಡ್ಡು ತೆಗೆದುಕೊಂಡ ನಿಮಗೆ ಯಾಕೆ ಸಿಗಲಿಲ್ಲ?

ಫೋನ್ ಮಾಡಿದರೆ ನಿಮ್ಮವರು, "ಬೇಕರಿಯ ಅಲರ್ಜಿ ಪಟ್ಟಿಯಲ್ಲಿ ಅದು ಇರಲಿಲ್ಲ" ಎಂದರು. ಹೇಗೆ ಇರುತ್ತದೆ? ಯುರೋಪಿನ ಕಾನೂನು ಹೇಳುವ 14 ಅಲರ್ಜಿ ಪದಾರ್ಥಗಳಲ್ಲಿ ಗೋಧಿ, ಹಾಲು, ಮೊಟ್ಟೆ, ಸಾಸಿವೆ ಇವೆ, ಹಂದಿ ಕೊಬ್ಬು ಇಲ್ಲ. ಆ ಪಟ್ಟಿ ಅಲರ್ಜಿ ಇರುವವರಿಗೆ, ಸಸ್ಯಾಹಾರಿಗಳಿಗಲ್ಲ.

ಅತ್ತೆಯವರಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಒಂದು ಮಾತೂ ಬೈಯಲಿಲ್ಲ ಅವರು. ಉಳಿದ ನಾಲ್ಕು ದಿನ ಮನೆಯಿಂದ ಒಯ್ದಿದ್ದ ಅವಲಕ್ಕಿ, ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟಲಿಲ್ಲ.

ಮೂವರ 5,400 ರೂಪಾಯಿ ವಾಪಸು ಕೊಡಿ. ಅತ್ತೆಯವರ ಹೆಸರಿಗೆ, ಅವರು ಓದುವಂತೆ ಕನ್ನಡದಲ್ಲಿ, ಕ್ಷಮಾಪಣೆ ಪತ್ರ ಕಳಿಸಿ. ಅಡುಗೆಮನೆಯವರನ್ನು ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಆ ಕಾರ್ಯಕ್ರಮದಿಂದ 'ಸಸ್ಯಾಹಾರಿ' ಪದವನ್ನು ತೆಗೆದುಹಾಕಿ. ಮುಂದಿನ ತಂಡದಲ್ಲೂ ಯಾರದೋ ಅತ್ತೆ ಇರುತ್ತಾರೆ.

15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಿನಲ್ಲೇ ದೂರು ಕೊಡಬಹುದು.

ಇಂತಿ,
ನಿಮ್ಮ ಗ್ರಾಹಕಿ, ಮೈಸೂರು

ಲಗತ್ತು: ಬುಕಿಂಗ್ ಫಾರಂ ಪ್ರತಿ, ಹಣ ಕಟ್ಟಿದ ರಸೀದಿ, ತರಾಲ್ಲಿ ಪೊಟ್ಟಣದ ಫೋಟೊ